ಇಬ್ಬರಿಗೊಂದೇ ಜೊತೆ ಬಿಳಿ ಬೂಟು

ಅಟ್ಟದ ಮೇಲಿನ ಸಾಮಾನು ಇಳಿಸುವ ಕೆಲಸಕ್ಕೆ ರಜೆಯ ದಿನ ಕೈ ಹಾಕಬಾರದು. ಹಾಕಿದರೆ ರಜೆಯೂ ಹೋಗುತ್ತದೆ, ಅಡುಗೆಯೂ ಹೊತ್ತಿಗೆ ಆಗುವುದಿಲ್ಲ. ಇದು ಗೊತ್ತಿದ್ದೂ ಹೋದ ಭಾನುವಾರ ದೊಡ್ಡ ಬೋಗುಣಿ ಹುಡುಕಲು ಕುರ್ಚಿ ಹತ್ತಿದೆ. ಬೋಗುಣಿ ಸಿಗಲಿಲ್ಲ. ಬಾಯಿಗೆ ಗಂಟು ಬಿಗಿದ ಒಂದು ಕ್ಯಾರಿಬ್ಯಾಗ್ ಸಿಕ್ಕಿತು. ಬಿಚ್ಚಿದರೆ ಒಂದು ಜೊತೆ ಬಿಳಿ ಬೂಟು. ಬಿಳಿ ಎನ್ನುವುದು ಈಗ ಬರೀ ಮಾತಿಗೆ, ಹಳೆಯ ಬೆಣ್ಣೆಯ ಬಣ್ಣಕ್ಕೆ ತಿರುಗಿದ್ದವು. ಒಳಗೆ ಬೆರಳಿನ ಜಾಗದಲ್ಲಿ ತುರುಕಿದ ಹತ್ತಿಯ ಉಂಡೆ ಹಾಗೇ ಕೂತಿತ್ತು.

ಕುರ್ಚಿ ಹಿಡಿದು ನಿಂತಿದ್ದ ನಮ್ಮ ಮನೆಯವರು ಬೂಟನ್ನು ತಿರುಗಿಸಿ ನೋಡಿದರು. "ಇವು ನಿನ್ನ ಕಾಲಿಗೆ ದೊಡ್ಡವು ಅದಾವಲ್ಲ. ಹೊರಗ ಒಗದ ಬಿಡ್ಲೇನು?"

"ಇರಲಿ ಬಿಡ್ರಿ," ಅಂದೆ.

"ಯಾರವು?"

ಕುಕ್ಕರ್ ಕೂಗಿತು ಎಂದು ಸುಳ್ಳು ಹೇಳಿ ಒಳಗೆ ಹೋದೆ. ಕುಕ್ಕರ್ ಇನ್ನೂ ಇಟ್ಟೇ ಇರಲಿಲ್ಲ. ನಾನು ಸುಳ್ಳು ಹೇಳುವುದು ಯಾವಾಗಲೂ ಹೀಗೆಯೇ, ಹೆಚ್ಚು ಯೋಚನೆ ಮಾಡದೆ, ಥಟ್ಟನೆ.

ಎಂಟು ವರ್ಷ ನರ್ಸ್ ಕೆಲಸ ಮಾಡಿದ ಮೇಲೆ ಜನರನ್ನು ಕಾಲಿನಿಂದ ಗುರುತು ಹಿಡಿಯುವ ಚಾಳಿ ನನಗೆ ಅಂಟಿಕೊಂಡಿದೆ. ಬೇರೆಯವರು ಮುಖ ನೋಡುತ್ತಾರೆ, ನಾನು ಮಂಚದ ತುದಿಯಲ್ಲಿ ನಿಂತು ಹಿಮ್ಮಡಿ ನೋಡುತ್ತೇನೆ. ರಾಮಥಾಳದ ಕಡೆಯ ರೈತರ ಹಿಮ್ಮಡಿಯ ಬಿರುಕಿನಲ್ಲಿ ಎಷ್ಟು ತೊಳೆದರೂ ಎರೆಮಣ್ಣಿನ ಒಂದು ಗೆರೆ ಉಳಿದಿರುತ್ತದೆ. ಇಳಕಲ್ಲಿನ ನೇಕಾರರ ಕಾಲು ಬೇರೆ, ದಿನವಿಡೀ ಮಗ್ಗದ ಗುಂಡಿಯಲ್ಲಿ ಇಳಿಬಿಟ್ಟು ಕೂತು ಪಾದ ಊದಿಕೊಂಡಿರುತ್ತದೆ. ಬಸ್ ಕಂಡಕ್ಟರರ ಕಾಲು ಇನ್ನೂ ಬೇರೆ. ಅವರ ಮೀನಖಂಡದ ನರಗಳು ಹಗ್ಗದ ಹಾಗೆ ಉಬ್ಬಿರುತ್ತವೆ. ಕೊನೆಯ ಎರಡನ್ನು ನಾನು ಆಸ್ಪತ್ರೆಯಲ್ಲಿ ಕಲಿಯಲಿಲ್ಲ. ಒಂದು ಕಸ್ತೂರಿಯ ಅಪ್ಪನ ಕಾಲು, ಇನ್ನೊಂದು ನನ್ನ ಅಪ್ಪನದು.

ಕಸ್ತೂರಿ ಮತ್ತು ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದೇ ಹಾಸ್ಟೆಲ್ ಕೋಣೆಯಲ್ಲಿದ್ದು ನರ್ಸಿಂಗ್ ಮುಗಿಸಿದವರು. ಅವಳು ಇಳಕಲ್ಲಿನ ನೇಕಾರರ ಮಗಳು, ನಾನು ಹುನಗುಂದದವಳು. ಊರು ಹತ್ತಿರ, ಸ್ವಭಾವ ದೂರ. ಅವಳು ಯಾವುದಕ್ಕೂ ಅವಸರ ಮಾಡುತ್ತಿರಲಿಲ್ಲ. ಹರಿದ ನೂಲಿನ ಎಳೆಗೆ ಎಳೆ ಜೋಡಿಸುತ್ತ ಬೆಳೆದ ಬೆರಳುಗಳು ಅವಳವು. ರೋಗಿಗೆ ಸಲೈನ್ ಹಚ್ಚಬೇಕಾದರೆ ಮುಂಗೈ ಹಿಡಿದು, ಕಣ್ಣು ಮುಚ್ಚಿ, ಒಂದು ಬೆರಳಿನಿಂದ ಮೆಲ್ಲಗೆ ಒತ್ತುತ್ತ ನರ ಹುಡುಕುತ್ತಿದ್ದಳು. ಎರಡನೆಯ ಸಲ ಚುಚ್ಚಿದ್ದನ್ನು ನಾನು ನೋಡಿಲ್ಲ. ನಾನು ಕಣ್ಣು ದೊಡ್ಡದು ಮಾಡಿ, ನಾಲಿಗೆ ಕಚ್ಚಿಕೊಂಡು ಮೂರು ಸಲ ಚುಚ್ಚುವವಳು. ಓದಿನಲ್ಲಿ ಮಾತ್ರ ನಾನು ಮುಂದು. ಪುಸ್ತಕಕ್ಕೆ ನರ ಇರುವುದಿಲ್ಲ ನೋಡಿ.

ನರ್ಸ್ ಕೋರ್ಸು ಮುಗಿದರೆ ನೌಕರಿ ಮನೆ ಬಾಗಿಲಿಗೆ ಬರುತ್ತದೆ ಎಂದು ನಮಗೆ ಹೇಳಿದವರು ಬಹಳ ಜನ. ಬಾಗಿಲು ತೆರೆದಿಟ್ಟುಕೊಂಡು ಕಾದದ್ದೇ ಬಂತು. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ: "ಅನುಭವ ಐತೇನು?" ಕೆಲಸ ಕೊಟ್ಟರೆ ಅನುಭವ ಆಗುತ್ತದೆ ಎಂದರೆ, ಅನುಭವ ಆದ ಮೇಲೆ ಬರ್ರಿ ಎನ್ನುತ್ತಿದ್ದರು. ಈಜು ಬಂದ ಮೇಲೆ ಹೊಳೆಗೆ ಇಳಿ ಎಂದ ಹಾಗೆ.

ನನ್ನ ಕಷ್ಟ ಇನ್ನೊಂದು ಬಗೆಯದು. ನನ್ನ ಅಪ್ಪ ಇಳಕಲ್–ಬಾಗಲಕೋಟೆ ಬಸ್ಸಿನ ಕಂಡಕ್ಟರ್. ನನ್ನ ರಿಸಲ್ಟ್ ಬಂದ ದಿನ ಟಿಕೆಟ್ ಹರಿಯುತ್ತ ಹರಿಯುತ್ತ ಇಡೀ ಬಸ್ಸಿಗೆ ಸುದ್ದಿ ಹೇಳಿದ್ದ: "ನನ್ನ ಮಗಳು ನರ್ಸ್ ಕೋರ್ಸ್ ಮುಗಿಸ್ಯಾಳ್ರಿ, ಫಸ್ಟ್ ಕ್ಲಾಸ್." ದಿನವೂ ಅದೇ ದಾರಿ, ಅವೇ ಮುಖಗಳು. ಒಂದು ವಾರದ ಮೇಲೆ ಅವರು ಕೇಳತೊಡಗಿದರು: "ಮಗಳಿಗೆ ನೌಕರಿ ಹತ್ತಿತೇನ್ರಿ?" ಹುನಗುಂದದಲ್ಲಿ ಹತ್ತಿದವರು ಕೇಳಿದರು, ಅಮೀನಗಡದಲ್ಲಿ ಕರದಂಟಿನ ಡಬ್ಬಿ ಹಿಡಿದು ಹತ್ತಿದವರೂ ಕೇಳಿದರು. ಅಪ್ಪ ಮೊದಲು "ಹತ್ತತೈತ್ರಿ" ಎನ್ನುತ್ತಿದ್ದ. ಆಮೇಲೆ "ನೋಡಾಕತ್ತೇವ್ರಿ" ಎಂದ. ಮಳೆಗಾಲದ ಹೊತ್ತಿಗೆ ಚಿಲ್ಲರೆ ಹುಡುಕುವ ನೆಪದಲ್ಲಿ ಚೀಲದೊಳಗೆ ಕೈ ಹಾಕಿ ತಲೆ ತಗ್ಗಿಸುತ್ತಿದ್ದ. ಇದನ್ನು ಅವನು ಹೇಳಲಿಲ್ಲ. ಒಂದು ದಿನ ಹಿಂದಿನ ಸೀಟಿನಲ್ಲಿ ಕೂತು ನಾನೇ ನೋಡಿದೆ, ನೋಡಿ ಕಿಟಕಿಯ ಕಡೆ ತಿರುಗಿಕೊಂಡೆ.

ಬೂಟಿನ ಕಥೆಗೆ ಬರುತ್ತೇನೆ. ಹಾಸ್ಟೆಲ್ಲಿನ ಬೂಟು ಮೂರು ವರ್ಷಕ್ಕೆ ಬಾಯಿ ಬಿಟ್ಟಿದ್ದವು. ಇಂಟರ್‌ವ್ಯೂಗೆ ಬಿಳಿ ಬೂಟು ಬೇಕೇ ಬೇಕು. ಇಬ್ಬರಿಗೂ ಹೊಸದು ಕೊಡಿಸೆಂದು ಮನೆಯಲ್ಲಿ ಕೇಳುವ ಮುಖವಿರಲಿಲ್ಲ. ಕೊನೆಗೆ ಇಬ್ಬರೂ ಕೂಡಿ ಬಾಗಲಕೋಟೆಯ ಪೇಟೆಯಲ್ಲಿ ಒಂದೇ ಜೊತೆ ಕೊಂಡೆವು. ಅಳತೆ ಕಸ್ತೂರಿಯದು. ಅವಳ ಕಾಲು ದೊಡ್ಡದು.

"ಸಣ್ಣ ಕಾಲು ದೊಡ್ಡ ಬೂಟಿನಾಗ ಹೊಂದತಾವ. ದೊಡ್ಡ ಕಾಲು ಸಣ್ಣ ಬೂಟಿನಾಗ ಹೊಂದೂದಿಲ್ಲ," ಎಂದು ಅವಳು ಅಂಗಡಿಯಲ್ಲೇ ತೀರ್ಮಾನ ಹೇಳಿದಳು. "ನೀ ಮುಂದ ಒಂದೀಟು ಹತ್ತಿ ತುರಕ್ಕೋ."

"ಮುಂದ ಇವು ಯಾರಿಗೆ?" ಎಂದು ನಾನು ಕೇಳಿದೆ. ಆಸೆಬುರುಕಿ ನಾನೇ.

"ಯಾರಿಗೆ ಮೊದಲ ನೌಕರಿ ಹತ್ತತೈತಿ ಅವರವು. ಇನ್ನೊಬ್ಬಾಕಿ ಬರಿಗಾಲಿನಾಗ ಬಂದು ಪೇಡೆ ತಿಂದು ಹೋಗೂದು." ಅವಳು ನಕ್ಕಳು, ನಾನೂ ನಕ್ಕೆ. ಹಾಗೆಂದು ಮಾತಾಯಿತು.

ಅಲ್ಲಿಂದ ಆ ಬೂಟು ನಮ್ಮಿಬ್ಬರಿಗಿಂತ ಹೆಚ್ಚು ತಿರುಗಾಡಿದವು. ಅವಳಿಗೆ ಇಂಟರ್‌ವ್ಯೂ ಇದ್ದರೆ ಅಪ್ಪ ಬೂಟಿನ ಚೀಲವನ್ನು ತನ್ನ ಸೀಟಿನ ಕೆಳಗೆ ಇಟ್ಟುಕೊಂಡು ಇಳಕಲ್ ಸ್ಟ್ಯಾಂಡಿನಲ್ಲಿ ಅವಳ ಕೈಗೆ ಕೊಡುತ್ತಿದ್ದ. ನನಗಿದ್ದರೆ ಅಲ್ಲಿಂದ ಹುನಗುಂದಕ್ಕೆ ತರುತ್ತಿದ್ದ. ಅವಳ ಕಡೆಯಿಂದ ಬರುವಾಗ ಪ್ರತಿ ಸಲವೂ ಬೂಟಿಗೆ ಹೊಸದಾಗಿ ಬಿಳಿ ಪಾಲಿಶ್ ಆಗಿರುತ್ತಿತ್ತು. ನನ್ನ ಸರದಿಯಲ್ಲಿ ನಾನು ಮರೆತದ್ದುಂಟು, ಅವಳು ಮರೆಯಲಿಲ್ಲ. "ನನ್ನ ಬಸ್ಸಿನಾಗ ಟಿಕೆಟ್ ಇಲ್ದ ತಿರುಗೂವು ಇವ ಎರಡ," ಎಂದು ಅಪ್ಪ ಅನ್ನುತ್ತಿದ್ದ. ಬೂಟು ಹೋಗಿ ಬಂದರೂ ನೌಕರಿ ಬರಲಿಲ್ಲ.

ಕಸ್ತೂರಿಯ ಮನೆಯಲ್ಲಿ ಗಡುವು ಕೊಟ್ಟಿದ್ದರು. ಬಾದಾಮಿಯಿಂದ ಒಬ್ಬ ವರ ಬಂದು ನೋಡಿಕೊಂಡು ಹೋಗಿದ್ದ. ಅಲ್ಲಿ ಅವನದೊಂದು ಕಿರಾಣಿ ಅಂಗಡಿ. ದೀಪಾವಳಿಯೊಳಗೆ ನೌಕರಿ ಹತ್ತಿದರೆ ಸರಿ, ಇಲ್ಲದಿದ್ದರೆ ಆ ಮನೆಗೆ ಹೂಂ ಎನ್ನುವುದು ಎಂದು ಅವಳ ಅಣ್ಣ ಹೇಳಿಬಿಟ್ಟಿದ್ದ. "ಹುಡುಗ ಕೆಟ್ಟಾಂವ ಅಲ್ಲ," ಎಂದು ಅವಳು ನನಗೆ ಹೇಳಿದಳು. "ಆದ್ರ ಅಲ್ಲಿ ಹೋದ್ರ ಅಂಗಡ್ಯಾಗ ಸಕ್ಕರಿ ತೂಗೂದ. ಮೂರು ವರ್ಷ ಕಲತದ್ದು ಕೈಯಾಗ ಹಂಗ ಉಳೀತೈತಿ." ಅವಳು ದುಃಖದ ಮಾತನ್ನು ದುಃಖದಿಂದ ಹೇಳುವವಳಲ್ಲ. ಅದಕ್ಕೇ ಅದು ನನಗೆ ಆಗ ಅಷ್ಟು ತಟ್ಟಲಿಲ್ಲ.

ಆ ದಿನಗಳಲ್ಲೇ ಅವ್ವ ನನ್ನನ್ನು ಕೂಡಲಸಂಗಮಕ್ಕೆ ಕರೆದುಕೊಂಡು ಹೋದಳು. ಹೊಳೆ ತುಂಬಿತ್ತು. "ಬೇಡ್ಕೋ," ಅಂದಳು. ಕೈ ಮುಗಿದು ಒಂದು ನೌಕರಿ ಕೊಡು ಎಂದು ಬೇಡಿಕೊಂಡೆ. ಬಸ್ಸು ಹತ್ತಿದ ಮೇಲೆ ಕಸ್ತೂರಿಯ ನೆನಪಾಯಿತು. ಎರಡು ಎಂದು ಬೇಡಬೇಕಿತ್ತು ಅನ್ನಿಸಿತು, ಆದರೆ ಬಸ್ಸು ಆಗಲೇ ಹೊರಟಿತ್ತು.

ಬಾಗಲಕೋಟೆಯ ಒಂದು ಖಾಸಗಿ ಆಸ್ಪತ್ರೆಯವರು ಇಬ್ಬರನ್ನೂ ಒಂದೇ ದಿನ ಕರೆದರು. ಆಸ್ಪತ್ರೆಯ ಹೆಸರು ಬೇಡ, ನಾನು ಈಗಲೂ ಅಲ್ಲಿಯೇ ಇದ್ದೇನೆ. ಅರ್ಜಿಯಲ್ಲಿ ಇಬ್ಬರೂ ಬರೆದದ್ದು ನನ್ನ ಮೊಬೈಲ್ ನಂಬರ್. ಅವಳ ಮನೆಯಲ್ಲಿದ್ದ ಒಂದೇ ಫೋನು ಅಣ್ಣನ ಜೇಬಿನಲ್ಲಿ ಇರುತ್ತಿತ್ತು. ಒಂದೇ ದಿನ ಇಬ್ಬರಿಗೂ ಇಂಟರ್‌ವ್ಯೂ ಎಂದರೆ ಬೂಟಿನ ಗತಿ ಏನು? ಕಸ್ತೂರಿ ಮೊದಲು ಒಳಗೆ ಹೋಗಿ ಬಂದಳು. ಮೂಲೆಯ ಬೆಂಚಿನ ಮೇಲೆ ಕೂತು ಅವಳು ಬೂಟು ಬಿಚ್ಚಿದಳು, ನಾನು ಚಪ್ಪಲಿ ಬಿಚ್ಚಿದೆ, ಅವಳೇ ಪರ್ಸಿನಿಂದ ಹತ್ತಿ ತೆಗೆದು ಉಂಡೆ ಮಾಡಿ ತುರುಕಿದಳು. "ಕಣ್ಣು ಮುಚ್ಚಿ ನರ ಹುಡುಕು. ಕಣ್ಣು ತೆರದ್ರ ನಿನಗ ಹೆದರಿಕಿ ಆಗತೈತಿ," ಎಂದು ಕಿವಿಯಲ್ಲಿ ಹೇಳಿ ಕಳಿಸಿದಳು.

ಒಳಗೆ ದೊಡ್ಡ ಸಿಸ್ಟರ್ ನನ್ನ ಕಾಗದ ನೋಡಿದರು, ಆಮೇಲೆ ಕಾಲು ನೋಡಿದರು. "ಬೂಟು ಚಲೋ ಅದಾವ. ಈಗ ಒಂದು ತಾಸಿನ ಹಿಂದ ನೋಡಿದಂಗ ಆಗತೈತಲ್ಲ." ನಾನು ನೆಲ ನೋಡಿದೆ. ವಾರ್ಡಿಗೆ ಕರೆದೊಯ್ದು ಒಬ್ಬ ಮುದುಕನಿಗೆ ಸಲೈನ್ ಹಚ್ಚಲು ಹೇಳಿದರು. ಕಣ್ಣು ಮುಚ್ಚುವುದು ಮರೆತೇ ಹೋಯಿತು. ಒಂದು ಸಲ, ಎರಡು ಸಲ, ಮೂರು ಸಲ. ಮುದುಕ ನನ್ನ ಮುಖ ನೋಡಿ, "ಸಾವಕಾಶ ಮಾಡವಾ ತಂಗಿ. ನನಗೇನ ಬಸ್ಸಿಗೆ ಹೊತ್ತಾಗಿಲ್ಲ," ಅಂದ. ಆ ಮುದುಕನ ದಯೆಯೇ ನನ್ನ ಗತಿ ಏನಾಯಿತೆಂದು ತಿಳಿಸಿತು. ಅವನ ಇನ್ನೊಂದು ಕೈಯಲ್ಲಿ, ಒಂದು ತಾಸಿನ ಹಿಂದೆ ಕಸ್ತೂರಿ ಒಂದೇ ಏಟಿಗೆ ಸೂಜಿ ಹಾಕಿದ ಜಾಗದಲ್ಲಿ ಪಟ್ಟಿ ಇತ್ತು. ನೌಕರಿ ಯಾರದೆಂದು ನನಗೂ ಗೊತ್ತಾಯಿತು, ಸಿಸ್ಟರ್‌ಗೂ ಗೊತ್ತಾಯಿತು. ಸಂಜೆ ಬಸ್ಸಿನಲ್ಲಿ ಬೂಟು ಕಸ್ತೂರಿಯ ಜೊತೆ ಇಳಕಲ್ಲಿಗೆ ಹೋದವು.

ಫೋನು ಬಂದದ್ದು ಶುಕ್ರವಾರ ಮಧ್ಯಾಹ್ನ. ಅಪ್ಪ ಡ್ಯೂಟಿ ಮುಗಿಸಿ ಬಂದು ಊಟಕ್ಕೆ ಕೂತಿದ್ದ. ಅವತ್ತು ಬಸ್ಸಿನಲ್ಲಿ ಯಾರೋ ರಿಟೈರ್ಡ್ ಮಾಸ್ತರು ಎಲ್ಲರಿಗೂ ಕೇಳುವ ಹಾಗೆ, "ಬರೇ ಕೋರ್ಸ್ ಮುಗಿಸಿದ್ರ ಏನ ಬಂತ್ರಿ, ಕೈಯಾಗ ಕೆಲಸ ಬರಬೇಕು," ಅಂದಿದ್ದರಂತೆ. ಅಪ್ಪ ಇದನ್ನು ಅವ್ವನಿಗೆ ಮೆಲ್ಲಗೆ ಹೇಳಿ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟ. ನಾನು ಪಡಸಾಲೆಯಲ್ಲಿ ಫೋನ್ ಎತ್ತಿದೆ. ದೊಡ್ಡ ಸಿಸ್ಟರ್ ದನಿ.

"ಇಳಕಲ್ಲ ಹುಡುಗಿ ಕಸ್ತೂರಿದು ಇದ ನಂಬರ್ ಹೌದಲ್ರಿ? ಆಕಿಗೆ ಸೋಮವಾರ ಬಂದು ಹಾಜರ್ ಆಗಂತ ಹೇಳ್ರಿ. ಒಂದ ಜಾಗಾ ಐತಿ."

ಅಪ್ಪನ ಬೆನ್ನು ನನಗೆ ಕಾಣುತ್ತಿತ್ತು.

"ಆಕಿಗೆ ಲಗ್ನ ಗೊತ್ತಾಗೇತ್ರಿ," ಅಂದೆ.

"ಅಯ್ಯ, ಅಂಥಾ ಕೈ ಇದ್ದ ಹುಡುಗಿ," ಎಂದರು ಸಿಸ್ಟರ್. ಆಮೇಲೆ, "ನೀವು ಆಕಿ ಗೆಳತಿ ಅಲ್ಲೇನು? ನೀವರ ಬರ್ತೀರೇನು?"

"ಬರ್ತೇನ್ರಿ."

ಇಷ್ಟೇ. ಒಂದು ನಿಮಿಷವೂ ಹಿಡಿಯಲಿಲ್ಲ. ನಾನಾಗಿ ಕೇಳಲಿಲ್ಲ, ಅವರೇ ಕರೆದರು ಎಂದು ಎಷ್ಟೋ ವರ್ಷ ನನಗೆ ನಾನೇ ವಾದ ಮಾಡಿದ್ದೇನೆ. ವರ ಬಂದು ನೋಡಿದ್ದು ಖರೆ, ಲಗ್ನ ಗೊತ್ತಾಗುವುದೇ ಇತ್ತು ಎಂದೂ ಹೇಳಿಕೊಂಡಿದ್ದೇನೆ. ಈ ವಾದವನ್ನು ನಾನೇ ಎಂದೂ ಪೂರ್ತಿ ನಂಬಿಲ್ಲ. ಸುಳ್ಳು ಬಹಳ ದೂರ ನಡೆಯುವುದಿಲ್ಲ ಅನ್ನುತ್ತಾರೆ. ನನ್ನದು ಚೆನ್ನಾಗಿಯೇ ನಡೆಯಿತು, ಅದೂ ಬಿಳಿ ಬೂಟು ಹಾಕಿಕೊಂಡು.

ಅಪ್ಪನಿಗೆ ಹೇಳಿದೆ. ಅವನು ಬಿಟ್ಟಿದ್ದ ಅರ್ಧ ರೊಟ್ಟಿ ತಿಂದ, ಮೇಲೆ ಇನ್ನೊಂದು ಹಾಕಿಸಿಕೊಂಡ. ಮರುದಿನ ಇಡೀ ಬಸ್ಸಿಗೆ ಪೇಡೆ ಹಂಚಿದ. ಇಳಕಲ್ ಸ್ಟ್ಯಾಂಡಿನಲ್ಲಿ ಇಳಿದು, ಕಸ್ತೂರಿಯ ಓಣಿಗೇ ಹೋಗಿ ಅವಳ ಕೈಗೂ ಎರಡು ಪೇಡೆ ಕೊಟ್ಟು ಬಂದ. ಹೋಗಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ಸಂಜೆ ಬರುವಾಗ ಅವನ ಕೈಯಲ್ಲಿ ಕ್ಯಾರಿಬ್ಯಾಗ್ ಇತ್ತು.

"ಭಾಳ ಚಲೋ ಆತ್ರಿ ಕಾಕಾ ಅಂದ್ಲು. ಕೇಳೂದರೊಳಗ ಒಳಗ ಹೋಗಿ ಬೂಟು ತಂದು ಕೊಟ್ಲು," ಎಂದ ಅಪ್ಪ. "ಬಂಗಾರದಂಥ ಹುಡುಗಿ. ಆಕಿಗೂ ಒಂದು ಹತ್ತಬೇಕಿತ್ತು."

ಚೀಲ ಬಿಚ್ಚಿದೆ. ಬೂಟಿಗೆ ಹೊಸ ಪಾಲಿಶ್ ಆಗಿತ್ತು, ಲಾಡಿ ಒಗೆದು ಏರಿಸಿದ್ದಳು. ಕಾಲು ಹಾಕಿದರೆ ಸರಿಯಾಗಿ ಹೊಂದಿದವು. ಬೆರಳಿನ ಜಾಗದಲ್ಲಿ ನನ್ನ ಅಳತೆಗೆ ಹತ್ತಿ ತುರುಕಿಯೇ ಕಳಿಸಿದ್ದಳು. ಅಂದು ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅತ್ತರೂ ಇಳಕಲ್ಲಿಗೆ ಹೋಗಿ ಖರೆ ಹೇಳುವಷ್ಟು ಅಳಲಿಲ್ಲ. ಸೋಮವಾರ ಅದೇ ಬೂಟು ಹಾಕಿಕೊಂಡು ಹಾಜರಾದೆ.

ದೀಪಾವಳಿ ಆಯಿತು, ಲಗ್ನದ ಕಾರ್ಡು ಬಂತು. ರಜೆ ಸಿಗಲಿಲ್ಲ ಎಂದು ಹೋಗಲಿಲ್ಲ. ರಜೆ ಸಿಗಲಿಲ್ಲ ಎನ್ನುವುದು ಖರೆಯೇ. ಕೇಳಿದರೆ ತಾನೇ ಸಿಗುವುದು. ಬೂಟು ಒಂದು ವರ್ಷ ಬಾಳಿದವು. ನನ್ನ ಅಳತೆಯ ಹೊಸ ಬೂಟು ಕೊಂಡ ದಿನ ಹಳೆಯವನ್ನು ಎಸೆಯಲು ಮನಸ್ಸು ಬರಲಿಲ್ಲ. ಕೆಲಸ ಕಲಿತೆ. ಸಲೈನ್ ಹಚ್ಚುವಾಗ ಕಣ್ಣು ಮುಚ್ಚುವುದನ್ನು ರೂಢಿ ಮಾಡಿಕೊಂಡೆ. ಈಗಿನ ಹೊಸ ಹುಡುಗಿಯರು, "ಇದನ್ನ ಯಾರು ಕಲಿಸಿದ್ರಿ ಅಕ್ಕಾರ?" ಎಂದು ಕೇಳುತ್ತಾರೆ. ಅನುಭವ ಎನ್ನುತ್ತೇನೆ.

ಹೋದ ವರ್ಷ ಮಳೆಗಾಲದಲ್ಲಿ ಬಾದಾಮಿಯಿಂದ ಒಬ್ಬ ಮುದುಕಿಯನ್ನು ತಂದು ಸೇರಿಸಿದರು. ವಾಂತಿ ಭೇದಿ, ಮೈಯಲ್ಲಿ ನೀರಿಲ್ಲ, ನರ ಒಳಗೆ ಇಳಿದುಬಿಟ್ಟಿದ್ದವು. ನಾನು ಒಂದು ಸಲ ಚುಚ್ಚಿದೆ, ಸಿಗಲಿಲ್ಲ. ಎರಡು ಸಲ ಚುಚ್ಚಿದೆ. ಹಿಂದಿನಿಂದ ಒಂದು ಕೈ ಬಂದು ಮುದುಕಿಯ ಮುಂಗೈ ಹಿಡಿಯಿತು. ತಿರುಗಿ ನೋಡಿದರೆ ಕಸ್ತೂರಿ. ಸ್ವಲ್ಪ ದಪ್ಪಗಾಗಿದ್ದಳು, ತಲೆಯ ಮೇಲೆ ಸೆರಗು. ಅವಳು ಕಣ್ಣು ಮುಚ್ಚಿ ಒಂದು ಬೆರಳು ಮೆಲ್ಲಗೆ ಒತ್ತಿದಳು.

"ಇಲ್ಲಿ ಐತಿ," ಎಂದಳು.

ಅಲ್ಲೇ ಇತ್ತು. ಸಲೈನ್ ಹತ್ತಿತು. ಮುದುಕಿ ಅವಳ ಅತ್ತೆ. ಆಕೆ ನಿದ್ದೆ ಹೋದ ಮೇಲೆ ಇಬ್ಬರೂ ಮಂಚದ ಆಚೆ ಈಚೆ ನಿಂತೆವು. ಎರಡು ಮಕ್ಕಳು, ಅಂಗಡಿ ಚಲೋ ನಡೆದಿದೆ ಎಂದಳು. "ಓಣ್ಯಾಗ ಯಾರಿಗೆ ಜ್ವರ ಬಂದ್ರೂ ನನ್ನ ಕರೀತಾರ, ಸೂಜಿ ಮಾಡಂತಾರ. ನಾ ಮಾಡೂದಿಲ್ಲ. ನರ್ಸಿಂಗ್ ರಜಿಸ್ಟ್ರೇಶನ್ ಮುಗದು ಎಷ್ಟೋ ವರ್ಷ ಆತು. ಮತ್ತ ಮಾಡಿಸಿಲ್ಲ."

ನಾನು ಏಳು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ತೆಗೆದೆ. "ಕಸ್ತೂರಿ, ಆವತ್ತು ಫೋನು..."

"ಗೊತ್ತೈತಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ಸೇರಿ ಹದಿನೈದು ದಿನಕ್ಕ ನಾ ಇಲ್ಲಿಗೆ ಬಂದಿದ್ದೆ, ಇನ್ನೊಂದು ಜಾಗಾ ಐತೇನು ಕೇಳಾಕ. ದೊಡ್ಡ ಸಿಸ್ಟರ್ ನನ್ನ ನೋಡಿ, ಲಗ್ನ ಯಾವಾಗ ಅಂದ್ರು. ಯಾರದ್ರಿ ಅಂದೆ. ನಿಂದ ಅಲ್ಲೇನು ಅಂದ್ರು." ಅವಳು ಅತ್ತೆಯ ಹೊದಿಕೆ ಸರಿ ಮಾಡಿದಳು. "ನನ್ನ ಲಗ್ನದ ಸುದ್ದಿ ನನಗಿಂತ ಮೊದಲ ಅವರಿಗೆ ಗೊತ್ತಿತ್ತು."

"ಮತ್ತ ಅವರಿಗೆ ಯಾಕ ಹೇಳಲಿಲ್ಲ?"

"ಈ ವಾರ್ಡಿನ ಬಾಗಲದಾಗ ನಿಂತು ನೋಡಿದೆ. ನೀ ಬೂಟು ಹಾಕ್ಕೊಂಡು ಯಾರಿಗೋ ಗುಳಗಿ ಕೊಡಾಕತ್ತಿದ್ದಿ. ನಿಮ್ಮ ಅಪ್ಪನ ನೆನಪಾತು, ಪೇಡೆ ತಂದಿದ್ದು. ಹೇಳಿದ್ರ ಅಂವಗ ಹ್ಯಾಂಗ ಆಗತಿತ್ತು? ತಿರುಗಿ ಬಸ್ಸು ಹತ್ತಿದೆ. ಮನಿಗೆ ಹೋಗಿ ಅಣ್ಣಗ ಹೂಂ ಅಂದೆ."

ತಪ್ಪಾಯಿತು ಎಂದೆನೋ ಇಲ್ಲವೋ, ಈಗ ನೆನಪಿಲ್ಲ. ಅಂದಿದ್ದರೂ ಅವಳು ಕೇಳಿಸಿಕೊಂಡಿರಲಾರಳು. ಅವಳ ಕಣ್ಣು ಸಲೈನ್ ಬಾಟಲಿಯ ಮೇಲಿತ್ತು. "ಹನಿ ಜೋರು ಬೀಳಾಕತ್ತೇತಿ ನೋಡು. ವಯಸ್ಸಾದಾಕಿ," ಎಂದಳು. ನೋಡಿದೆ. ಜೋರಾಗಿಯೇ ಇತ್ತು. ಕಡಿಮೆ ಮಾಡಿದೆ. ಮೂರನೆಯ ದಿನ ಅತ್ತೆಯನ್ನು ಕರೆದುಕೊಂಡು ಬಾದಾಮಿಗೆ ಹೋದಳು. ಆಮೇಲೆ ನಾನು ಫೋನು ಮಾಡಿಲ್ಲ, ಅವಳೂ ಮಾಡಿಲ್ಲ.

ಅಪ್ಪ ಈಗ ರಿಟೈರ್ ಆಗಿದ್ದಾನೆ. ಹುನಗುಂದದ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಹಳೆಯ ಪ್ರಯಾಣಿಕರು ಸಿಕ್ಕರೆ ಈಗಲೂ ನನ್ನ ನೌಕರಿಯ ವಿಷಯ ಹೇಳುತ್ತಾನೆ. ಅವನಿಗೆ ನಾನು ಹೇಳಿಲ್ಲ. ಅವಳು ಯಾರಿಗಾಗಿ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದಳೋ, ಅವನಿಗೆ ನಾನು ಹೇಳುವುದು ಹೇಗೆ?

ಭಾನುವಾರ ಊಟವಾದ ಮೇಲೆ ಬೂಟನ್ನು ಒರೆಸಿ ಮತ್ತೆ ಚೀಲದಲ್ಲಿಟ್ಟೆ. ನಮ್ಮ ಮನೆಯವರು ಬಿಡಲಿಲ್ಲ, "ಯಾರವು ಅಂತ ಹೇಳಲೇ ಇಲ್ಲ," ಎಂದರು. ನನ್ನವು ಎನ್ನಲು ಬಾಯಿ ಬರಲಿಲ್ಲ. ಮೊದಲು ಯಾರಿಗೆ ನೌಕರಿ ಹತ್ತುತ್ತದೆಯೋ ಅವರವು ಎಂದು ಮಾತಾಗಿತ್ತು, ಮೊದಲು ಹತ್ತಿದ್ದು ಅವಳಿಗೆ. ಅಳತೆಯೂ ಅವಳದೇ. ಒಳಗಿನ ಹತ್ತಿಯಾದರೂ ನನ್ನದು ಅನ್ನೋಣವೆಂದರೆ, ಅದನ್ನು ತುರುಕಿ ಕಳಿಸಿದವಳೂ ಅವಳೇ.